ಎದುರಾಳಿಗೆ ನಾಲ್ಕು ಅಂಕ

ಸೆಪ್ಟೆಂಬರ್ 14

ಅಕ್ಕ,

ಪರದೇಶದಲ್ಲಿ ಮತ್ತೊಂದು ಹೊಸ ರೂಮಿಗೆ ಬಂದು ಬಿದ್ದಿದ್ದೇನೆ. ಕೆಳಗೆ ಬಟ್ಟೆ ಒಗೆಯುವ ಅಂಗಡಿ, ಮೇಲೆ ನಾನು. ಬೆಳಗಿನಿಂದ ಸಂಜೆವರೆಗೆ ಮೆಷಿನ್ನುಗಳು ಗಡಗಡ ಎನ್ನುತ್ತವೆ, ಮೇಜಿನ ಮೇಲಿಟ್ಟ ಲೋಟ ತಾನಾಗಿಯೇ ನಡೆದು ಅಂಚಿಗೆ ಬರುತ್ತದೆ. ಆದರೆ ನೆಲ ಬೆಚ್ಚಗಿರುತ್ತದೆ, ಅಭ್ಯಾಸದ ಜಾಗವೂ ಹತ್ತಿರ. ಕ್ಯೂ ಇಡುವ ಉದ್ದನೆಯ ಪೆಟ್ಟಿಗೆ ನೋಡಿ ಮನೆಯೊಡತಿ ಒಳಗಿರುವುದು ಕೊಳಲೋ ಬಂದೂಕೋ ಎಂದು ವಿಚಾರಿಸಿದಳು. ಸ್ನೂಕರ್ ಆಡುವ ಕೋಲು ಎಂದೆ. ಅದನ್ನು ಆಡಿದ್ದಕ್ಕೆ ಯಾರಾದರೂ ಸಂಬಳ ಕೊಡುತ್ತಾರಾ ಎಂದಳು. ಗೆದ್ದರೆ ಕೊಡುತ್ತಾರೆ ಎಂದೆ. ಅವತ್ತಿನಿಂದ ನನ್ನ ಮುಖವನ್ನು ಅನುಮಾನದಿಂದಲೇ ನೋಡುತ್ತಾಳೆ.

ನಾನು ಫೋನ್ ಮಾಡುವುದಿಲ್ಲ ಎಂದು ನೀನು ಬೈಯುವುದಿಲ್ಲವಲ್ಲ, ಅಷ್ಟು ಸಾಕು. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ", "ಆಯ್ತು" ಎಂದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಈ ವರ್ಷದ ವಿಷಯ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಬರೆದರೆ ಹೆದರಿಕೆ ಸ್ವಲ್ಪ ಇಳಿಯುತ್ತದೆ. ಏಪ್ರಿಲ್ ಮುಗಿಯುವಾಗ ನಾನು ಶ್ರೇಯಾಂಕ ಪಟ್ಟಿಯ ಮೊದಲ ಅರವತ್ನಾಲ್ಕು ಜನರೊಳಗೆ ಇರಬೇಕು. ಇದ್ದರೆ ವೃತ್ತಿಪರ ಆಟಗಾರ, ಇಲ್ಲದಿದ್ದರೆ ಮಾಜಿ. ಈಗ ನಾನು ಅರವತ್ತೊಂದನೆಯವನು. ಹಿಂದಿನಿಂದ ಓಡಿ ಬರುತ್ತಿರುವವರೆಲ್ಲ ಮೀಸೆ ಮೂಡದವರು. ಅವರಿಗೆ ಬೆನ್ನು ನೋವು ಎಂದರೇನೆಂದೇ ಗೊತ್ತಿಲ್ಲ.

ನನ್ನ ಬಲಗೈ ಸ್ವಲ್ಪ ಬಿಗಿದ ಹಾಗಿದೆ. ಈ ಮಂಚದ ದೋಷ. ನಮ್ಮ ಕ್ಲಬ್ ಹೇಗೆ ನಡೆಯುತ್ತಿದೆ? ಅಪ್ಪ ಹೋದ ಮೇಲೆ ನೀನೊಬ್ಬಳೇ ಆ ನಾಲ್ಕು ಟೇಬಲ್ ಕಾಯುತ್ತಿದ್ದೀಯ ಎಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆದರೂ ಅದು ಅಲ್ಲಿದೆ ಎಂಬ ಧೈರ್ಯದ ಮೇಲೆಯೇ ನಾನು ಊರೂರು ಸುತ್ತುವುದು. ಎಲ್ಲರನ್ನೂ ಕೇಳಿದೆನೆಂದು ಹೇಳು.

ನಿನ್ನ ತಮ್ಮ

ಅಕ್ಟೋಬರ್ 6

ಕೋಲಣ್ಣನಿಗೆ,

ನಿನ್ನ ಮನೆಯೊಡತಿಯ ಮೇಲೆ ನನಗೆ ಗೌರವ ಬಂತು. ನಾನೂ ಅಪ್ಪನನ್ನು ಇದೇ ಪ್ರಶ್ನೆ ಕೇಳಿದ್ದೆ, ಹತ್ತು ವರ್ಷದವಳಿದ್ದಾಗ. ಅಪ್ಪ ನನ್ನನ್ನು ಟೇಬಲ್ಲಿನ ಬಟ್ಟೆ ಬ್ರಷ್ ಮಾಡಲು ಕಳಿಸಿದರು.

ಕ್ಲಬ್ ಚೆನ್ನಾಗಿ ನಡೆಯುತ್ತಿದೆ. ಹೋದ ವಾರ ಹಲ್ಲಿನ ಡಾಕ್ಟರಿಗೂ ನಮ್ಮ ನಿವೃತ್ತ ಮೇಷ್ಟ್ರಿಗೂ ಮಹಾಯುದ್ಧ. ಫ್ಯಾನಿನ ಗಾಳಿಗೆ ಚೆಂಡು ಸರಿಯಿತು ಎಂದು ಡಾಕ್ಟರು. ಗಾಳಿಯಲ್ಲ, ನಿಮ್ಮ ಹೊಟ್ಟೆ ತಾಗಿತು ಎಂದು ಮೇಷ್ಟ್ರು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಫ್ಯಾನ್ ಆರಿಸಿ, ಹಾಕಿ, ಆರಿಸಿ, ಎಲ್ಲರೂ ಬೆವತು ನೀರಾದರು. ಕೊನೆಗೆ ಡಾಕ್ಟರೇ ಕ್ಯೂ ಕೆಳಗಿಟ್ಟು "ಹೊಟ್ಟೆನೇ ಕಣ್ರೀ" ಎಂದು ಒಪ್ಪಿಕೊಂಡರು. ಸರಿ, ನಾಲ್ಕೂ ಟೇಬಲ್ಲಿನವರು ಕ್ಯೂ ಬುಡವನ್ನು ನೆಲಕ್ಕೆ ಕುಟ್ಟಿದ್ದೇ ಕುಟ್ಟಿದ್ದು. ಅಪ್ಪ ಹಾಕಿದ ಪದ್ಧತಿ ನೋಡು, ಇನ್ನೂ ಬಿಟ್ಟಿಲ್ಲ. ಗೆದ್ದವನಿಗೆ ಯಾರೂ ಕುಟ್ಟುವುದಿಲ್ಲ, ತನ್ನ ಫೌಲನ್ನು ತಾನೇ ಹೇಳಿದವನಿಗೆ ಮಾತ್ರ.

ನಿನ್ನ ಪಂದ್ಯ ಇದ್ದ ದಿನ ನಾನು ಮೊಬೈಲಿನಲ್ಲಿ ಅಂಕ ನೋಡುತ್ತಾ ಕೂರುತ್ತೇನೆ. ಚಿತ್ರ ಇಲ್ಲ, ಬರೀ ಎರಡು ಸಂಖ್ಯೆ. ನಿನ್ನ ಕಡೆಯದು ಏರುತ್ತಿದ್ದರೆ ನೀನು ಆಡುತ್ತಿದ್ದೀಯ, ಅವನ ಕಡೆಯದು ಏರುತ್ತಿದ್ದರೆ ನೀನು ಕೂತಿದ್ದೀಯ. ಎರಡೂ ಅಲ್ಲಾಡದಿದ್ದರೆ ಇಬ್ಬರೂ ಹೆದರಿದ್ದೀರಿ. ನನಗೆ ಅಷ್ಟರಿಂದಲೇ ನಿನ್ನ ಮುಖ ಕಾಣುತ್ತದೆ.

ಕಾಗದವನ್ನು ಕ್ಲಬ್ ವಿಳಾಸಕ್ಕೆ ಹಾಕಬೇಡ, ಮನೆಗೆ ಹಾಕು. ಅಂಚೆಯವನು ಹೊಸಬ, ಅಡ್ಡಾದಿಡ್ಡಿ ಎಸೆದು ಹೋಗುತ್ತಾನೆ. ಕೈಗೆ ಬಿಸಿನೀರಿನ ಶಾಖ ಕೊಡು. ಮಂಚವನ್ನು ಬೈಯಬೇಡ.

ಅಕ್ಕ

ನವೆಂಬರ್ 23

ಅಕ್ಕ,

ಎರಡು ಕಡೆ ಮೊದಲ ಸುತ್ತಿನಲ್ಲೇ ಹೊರಗೆ. ಸಂಖ್ಯೆ ನೋಡಿರುತ್ತೀಯ, ಮತ್ತೆ ಹೇಳುವುದೇನು. ಈಗ ಅರವತ್ಮೂರು.

ಈ ಆಟದಲ್ಲಿ ಆಡುವುದಕ್ಕಿಂತ ಕೂರುವುದೇ ಜಾಸ್ತಿ ಎಂದು ಯಾರೂ ಮೊದಲೇ ಹೇಳುವುದಿಲ್ಲ. ಬೇರೆ ಆಟದಲ್ಲಾದರೆ ತಿರುಗಿ ಹೊಡೆಯಬಹುದು, ಅಡ್ಡ ಓಡಬಹುದು, ಕೂಗಾಡಬಹುದು. ಇಲ್ಲಿ ಅವನು ಟೇಬಲ್ ಮುಂದೆ ಇರುವಷ್ಟು ಹೊತ್ತು ನಾನು ಕುರ್ಚಿಯಲ್ಲಿ. ವೇಸ್ಟ್‌ಕೋಟು, ಬೋ ಟೈ ಹಾಕಿಕೊಂಡು, ಮದುವೆಗೆ ಬಂದು ಯಾರೂ ಮಾತಾಡಿಸದ ನೆಂಟನ ಹಾಗೆ. ಪಕ್ಕದಲ್ಲಿ ನೀರಿನ ಲೋಟ. ಬಾಯಾರಿಕೆ ಇಲ್ಲದಿದ್ದರೂ ಕುಡಿಯುತ್ತೇನೆ, ಕೈಗೆ ಒಂದು ಕೆಲಸ ಬೇಕಲ್ಲ. ಮೊನ್ನೆಯದು ಈಜುಕೊಳದ ಪಕ್ಕದ ದೊಡ್ಡ ಶೆಡ್ಡು, ಪರದೆ ಕಟ್ಟಿ ಎಂಟು ಟೇಬಲ್ ಹಾಕಿದ್ದರು. ನೋಡಲು ಬಂದಿದ್ದವರು ಬೆರಳೆಣಿಕೆ. ಅದರಲ್ಲೊಬ್ಬ ಒಂದಿಡೀ ಫ್ರೇಮ್ ಆಡಿ ಮುಗಿಯುವವರೆಗೆ ತಲೆ ಒರೆಸಿಕೊಳ್ಳುತ್ತಿದ್ದ. ಈಜಿ ಬಂದವನು, ದಾರಿ ತಪ್ಪಿದ್ದಾನೆ.

ಜೊತೆಗೆ ಅಭ್ಯಾಸ ಮಾಡುತ್ತಿದ್ದವನೊಬ್ಬನಿದ್ದನಲ್ಲ, ಗೊರಕೆರಾಯ, ಅವನು ಆಟ ಬಿಟ್ಟು ಲಾರಿ ಓಡಿಸಲು ಹೋದ. ಈಗ ನಾನೊಬ್ಬನೇ ಚೆಂಡು ಜೋಡಿಸಿ, ನಾನೇ ಹೊಡೆದು, ನಾನೇ ಎತ್ತಿ ಇಡುತ್ತೇನೆ. ಒಂದೊಂದು ದಿನ ಸಂಜೆ ಅಂಗಡಿಯವನಿಗೆ "ಬ್ರೆಡ್ಡು" ಎಂದಾಗ ಗಂಟಲು ಕಟ್ಟಿರುತ್ತದೆ. ಬೆಳಗಿನಿಂದ ಅದೇ ಮೊದಲ ಮಾತಾಗಿರುತ್ತದೆ.

ಕೈ ಸರಿಯಾಗಿದೆ. ಮೇಷ್ಟ್ರಿಗೂ ಡಾಕ್ಟರಿಗೂ ರಾಜಿಯಾಯಿತಾ? ಇನ್ನಷ್ಟು ಬರಿ. ನಿನ್ನ ಕಾಗದವನ್ನು ಓದುತ್ತಲೇ ಊಟ ಮಾಡುತ್ತೇನೆ.

ತಮ್ಮ

ಡಿಸೆಂಬರ್ 30

ಕೋಲಣ್ಣ,

ಗಂಟಲು ಕಟ್ಟುವವರೆಗೆ ಬಾಯಿ ಮುಚ್ಚಿಕೊಂಡು ಇರುತ್ತಾರೇನೋ? ಆ ಮನೆಯೊಡತಿಯ ಜೊತೆ ಜಗಳವನ್ನಾದರೂ ಆಡು. ನಿನಗೆ ಜಗಳ ಚೆನ್ನಾಗಿ ಬರುತ್ತದೆ, ನನ್ನ ಹತ್ತಿರವೇ ಕಲಿತದ್ದು.

ರಾಜಿಯಾಯಿತು, ಮತ್ತೆ ಮುರಿಯಿತು. ಡಾಕ್ಟರು ಈಗ ಹೊಟ್ಟೆ ಒಳಕ್ಕೆಳೆದುಕೊಂಡು ಆಡುತ್ತಾರೆ, ಉಸಿರು ಬಿಟ್ಟಾಗ ಇಡೀ ಕ್ಲಬ್ಬಿಗೆ ಕೇಳಿಸುತ್ತದೆ. ಮೂಲೆಯ ಟೇಬಲ್ಲನ್ನು ನಾನೇ ಬ್ರಷ್ ಮಾಡುತ್ತೇನೆ, ನೀನು ಬಂದಾಗ ಬಟ್ಟೆಯ ಒಂದು ಎಳೆಯೂ ಎದ್ದಿರಬಾರದು.

ಇವತ್ತು ಜಾಸ್ತಿ ಬರೆಯಲು ಆಗುವುದಿಲ್ಲ, ನಿಂತು ನಿಂತು ಕಾಲು ಬಾತಿದೆ. ಜನವರಿಯಲ್ಲಿ ಒಂದಾದರೂ ಗೆಲ್ಲು, ಮಾರಾಯ.

ಅಕ್ಕ

ಫೆಬ್ರವರಿ 12

ತಮ್ಮ,

ಜನವರಿಯಲ್ಲಿ ನಿನ್ನದು ಒಂದೂ ಕಾಗದ ಇಲ್ಲ. ಬೈಯಬೇಕೆಂದೇ ಕೂತಿದ್ದೆ. ಆದರೆ ನಿನ್ನೆಯ ಪಂದ್ಯ ನೋಡಿದ ಮೇಲೆ ಬೈಯಲು ಮನಸ್ಸು ಬರಲಿಲ್ಲ.

ನಾಲ್ಕು ಫ್ರೇಮ್ ನಿನ್ನವು, ನಾಲ್ಕು ಅವನವು. ಗೆಲುವು ತೀರ್ಮಾನಿಸುವ ಕೊನೆಯ ಆಟದಲ್ಲಿ ನಿನ್ನ ಸಂಖ್ಯೆ ಏರುತ್ತಲೇ ಇತ್ತು. ನನ್ನ ಜೀವ ಬಾಯಿಗೆ ಬಂದಿತ್ತು. ನಲವತ್ತೊಂಬತ್ತು ಆಯಿತು, ನಿಂತಿತು. ಎದುರಾಳಿಗೆ ನಾಲ್ಕು ಅಂಕ ಬಂತು. ಚೆಂಡು ತಪ್ಪಿದ್ದರೆ ಅವನಿಗೆ ಅಂಕ ಬರುವುದಿಲ್ಲ, ಬರೀ ಸರದಿ ಬರುತ್ತದೆ. ನಾಲ್ಕು ಬಂತೆಂದರೆ ಫೌಲ್. ಅಷ್ಟು ಚೆನ್ನಾಗಿ ಆಡುತ್ತಿದ್ದವನು ಸುಮ್ಮನೆ ಫೌಲ್ ಮಾಡುತ್ತೀಯಾ? ನನಗೆ ಆಗಲೇ ಗೊತ್ತಾಯಿತು. ತೋಳೋ ವೇಸ್ಟ್‌ಕೋಟೋ ಯಾವುದಾದರೂ ಚೆಂಡಿಗೆ ತಾಗಿರಬೇಕು, ರೆಫರಿ ನೋಡಿರಲಿಕ್ಕಿಲ್ಲ, ನೀನೇ ಹೇಳಿರುತ್ತೀಯ. ಪಟ್ಟಿಯಿಂದ ಬೀಳುವ ಸ್ಥಿತಿಯಲ್ಲೂ ಹೇಳಿದೆಯಲ್ಲೋ.

ಕ್ಲಬ್ಬಿನಲ್ಲಿ ಎಲ್ಲರಿಗೂ ಅಂಕ ಓದಿ ಹೇಳಿದೆ. ಮೇಷ್ಟ್ರು ಮೊದಲು ಎದ್ದು ಕ್ಯೂ ಕುಟ್ಟಿದರು. ಆಮೇಲೆ ಡಾಕ್ಟರು, ಆಮೇಲೆ ಎಲ್ಲರೂ. ಗೋಡೆಯ ಮೇಲಿನ ಅಪ್ಪನ ಫೋಟೊ ಅಲ್ಲಾಡಿತು. ನೀನು ಸೋತದ್ದು ನನಗೆ ಒಂದಿಷ್ಟೂ ಬೇಜಾರಿಲ್ಲ.

ಅಕ್ಕ

ಫೆಬ್ರವರಿ 26

ಅಕ್ಕ,

ಕಾಗದ ತಲುಪಿತು. ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಇಲ್ಲಿ ಚಳಿ.

ತಮ್ಮ

ಮಾರ್ಚ್ 27

ತಮ್ಮ,

ನಿನ್ನ "ಇಲ್ಲಿ ಚಳಿ" ಬಂದ ಮೇಲೆ ಇದು ನಾನು ಬರೆಯುತ್ತಿರುವ ಮೂರನೆಯದು. ಹಿಂದಿನವು ತಲುಪಿದವೋ ಇಲ್ಲವೋ. ಹೋದ ವಾರದ ಪಂದ್ಯದಲ್ಲಿ ನಿನ್ನ ಹೆಸರಿನ ಮುಂದೆ ಸಂಖ್ಯೆಯೇ ಇಲ್ಲ, "ಹಿಂದೆ ಸರಿದಿದ್ದಾರೆ" ಎಂದಿತ್ತು. ಜ್ವರವೇ? ಬಿದ್ದೆಯಾ? ಆ ಎರಡು ಸಂಖ್ಯೆ ಇಲ್ಲದಿದ್ದರೆ ನನಗೆ ನೀನು ಎಲ್ಲಿದ್ದೀಯ ಎಂದೇ ತಿಳಿಯುವುದಿಲ್ಲ.

ಫೋನೂ ಮಾಡಿದೆ. ಎತ್ತಲಿಲ್ಲ. ಎತ್ತದಿದ್ದರೆ ಪರವಾಗಿಲ್ಲ, ಬದುಕಿದ್ದೇನೆ ಎಂದು ಒಂದು ಸಾಲು ಬರಿ.

ಅಕ್ಕ

ಏಪ್ರಿಲ್ 8

ಅಕ್ಕ,

ಬದುಕಿದ್ದೇನೆ. ಜ್ವರವಲ್ಲ, ಬೀಳಲೂ ಇಲ್ಲ. ನೀನು ಬರೆದ ಮೂರೂ ತಲುಪಿದವು. ಉತ್ತರ ಬರೆಯಲು ಕೂತಾಗಲೆಲ್ಲ ಫೆಬ್ರವರಿಯ ಆ ಕಾಗದ ಅಡ್ಡ ಬರುತ್ತಿತ್ತು.

ಅವತ್ತು ನನ್ನ ತೋಳು ಯಾವ ಚೆಂಡಿಗೂ ತಾಗಲಿಲ್ಲ, ನಾನು ಏನನ್ನೂ ಹೇಳಲಿಲ್ಲ. ಮುಂದಿದ್ದದ್ದು ಸುಲಭದ ಕೆಂಪು ಚೆಂಡು. ಮೇಷ್ಟ್ರು ಕನ್ನಡಕ ತೆಗೆದು ಹೊಡೆದರೂ ಬೀಳುವಂಥದ್ದು. ಬಗ್ಗಿದೆ. ಕ್ಯೂ ಹಿಂದಕ್ಕೆ ಹೋಯಿತು, ಮುಂದಕ್ಕೆ ಬರಲಿಲ್ಲ. ಕೈ ಅಲ್ಲೇ ನಿಂತಿತು. ನೂಕಿದೆ, ಕೈ ಒಮ್ಮೆಲೇ ಜಗ್ಗಿತು, ಕ್ಯೂ ತುದಿ ಬಿಳಿ ಚೆಂಡಿಗೆ ತಗುಲಿ ಅದು ಒಂದು ಬೆರಳಿನಷ್ಟು ಸರಿದು, ಕೆಂಪನ್ನು ಮುಟ್ಟದೆ ನಿಂತುಬಿಟ್ಟಿತು. ರೆಫರಿ ಫೌಲ್ ಎಂದ. ಎದುರಿನವನು ನನ್ನ ಮುಖ ನೋಡಲಾರದೆ ಕ್ಯೂ ತುದಿಗೆ ಚಾಕ್ ತಿಕ್ಕುತ್ತಾ ಆ ಕಡೆ ತಿರುಗಿದ. ಆಟಗಾರರಿಗೆ ಇದು ಏನೆಂದು ಗೊತ್ತು ಅಕ್ಕ. ಈ ರೋಗದ ಹೆಸರನ್ನು ನಾವು ಊಟದ ಮೇಜಿನ ಬಳಿ ಎತ್ತುವುದಿಲ್ಲ, ಅಂಟಿಕೊಳ್ಳುತ್ತದೇನೋ ಎಂಬ ಹೆದರಿಕೆ.

ಸೆಪ್ಟೆಂಬರಿನಿಂದಲೂ ಇದೆ. ಮಂಚದ ದೋಷವಲ್ಲ. ಮೂಳೆಯ ಡಾಕ್ಟರು ನೋಡಿದರು, ನರದ ಡಾಕ್ಟರು ನೋಡಿದರು, ಕೈಯಲ್ಲಿ ಏನೂ ಇಲ್ಲ ಎಂದರು. ಹಲ್ಲುಜ್ಜುವಾಗ, ಬೀಗ ತೆಗೆಯುವಾಗ, ಈ ಕಾಗದ ಬರೆಯುವಾಗ ಸರಿಯಾಗಿಯೇ ಇರುತ್ತದೆ. ಇಪ್ಪತ್ತೆರಡು ವರ್ಷ ಮಾಡಿದ ಒಂದೇ ಒಂದು ಕೆಲಸವನ್ನು ಮಾತ್ರ ಮರೆತಿದೆ. ಒಂದು ದಿನ ಅಭ್ಯಾಸದ ಜಾಗದಲ್ಲಿ ಬಗ್ಗಿ ನಿಂತವನು ಹೊಡೆಯಲಾರದೆ ಹಾಗೇ ನಿಂತೇ ಇದ್ದೆ. ಲೈಟು ಆರಿಸಲು ಬಂದವನು ನನ್ನ ಬೆನ್ನು ಮುಟ್ಟಿ ಎಬ್ಬಿಸಿದ. ಅಳು ಬಂತು. ಆವತ್ತೇ ಮಾರ್ಚಿನ ಪಂದ್ಯದಿಂದ ಹೆಸರು ತೆಗೆಸಿದೆ.

ನೀವೆಲ್ಲ ಎದ್ದು ನಿಂತು ಕುಟ್ಟಿದಿರಿ ಎಂದು ಓದಿದಾಗ ಇಲ್ಲ ಎನ್ನಲು ನನಗೆ ಧೈರ್ಯವಾಗಲಿಲ್ಲ. ಈ ವರ್ಷ ನನಗೆ ಸಿಕ್ಕ ಒಳ್ಳೆಯದು ಅದೊಂದೇ ಆಗಿತ್ತು, ಅದೂ ನನ್ನದಲ್ಲ.

ಇಪ್ಪತ್ತೈದಕ್ಕೆ ಕೊನೆಯ ಅರ್ಹತಾ ಪಂದ್ಯ. ಈಗ ಅರವತ್ತೊಂಬತ್ತು, ಪವಾಡವಾಗಬೇಕು. ಆಗುವುದಿಲ್ಲ. ಹಾಳಾಗಿ ಹೋಗಲಿ, ಆಡಿ ಮುಗಿಸುತ್ತೇನೆ. ಆಮೇಲೆ ಊರಿಗೆ ಬಂದುಬಿಡುತ್ತೇನೆ. ಇದೊಂದನ್ನು ನೆನೆದೇ ಈಚೆಗೆ ನಿದ್ದೆ ಬರುತ್ತಿದೆ. ಕ್ಲಬ್ಬಿನ ಕೌಂಟರಿನಲ್ಲಿ ನಾನು ಕೂರುತ್ತೇನೆ, ನೀನು ಕಾಲು ಚಾಚಿ ವಿಶ್ರಾಂತಿ ತಗೋ. ಕಲಿಯಲು ಬಂದವರಿಗೆ ಹೇಳಿಕೊಡುತ್ತೇನೆ, ಹೇಳಿಕೊಡಲು ಕೈ ಬೇಡವಲ್ಲ. ಮೇಷ್ಟ್ರ ಜಗಳ ತೀರಿಸುತ್ತೇನೆ. ಅಷ್ಟು ಸಾಕು ನನಗೆ. ಅವರಿಗೆಲ್ಲ ನಿಜ ಹೇಳುವ ಕೆಲಸ ಮಾತ್ರ ನೀನು ಮಾಡಬೇಕು. ನನ್ನ ಬಾಯಿಂದ ಆಗುವುದಿಲ್ಲ.

ತಮ್ಮ

ಏಪ್ರಿಲ್ 17

ತಮ್ಮ,

ನಿನ್ನ ಕಾಗದ ಇವತ್ತು ಬಂತು. ಮೆಟ್ಟಿಲ ಮೇಲೆಯೇ ಕೂತು ಓದಿದೆ. ಸೆಪ್ಟೆಂಬರಿನಿಂದ ಒಬ್ಬನೇ ಇದನ್ನು ಹೊತ್ತುಕೊಂಡು ತಿರುಗಿದ್ದೀಯಲ್ಲೋ. ನಾನು ಸಂಖ್ಯೆ ನೋಡಿ ನಿನ್ನ ಮುಖ ಕಂಡೆ ಎಂದುಕೊಂಡಿದ್ದೆ. ಎಂಥ ಮುಖ ಕಂಡೆನೋ.

ನಿನ್ನ ಪಂದ್ಯ ಮುಗಿಯಲಿ, ಆಮೇಲೆ ಹೇಳೋಣ ಎಂದು ಮನಸ್ಸು ಹೇಳುತ್ತಿದೆ. ಹಾಗೆ ಕಾದು ಕಾದೇ ಇಷ್ಟು ದೂರ ಬಂದದ್ದು. ಈಗಲೇ ಹೇಳುತ್ತೇನೆ. ನೀನು ಬಂದು ಕೂರಲು ಕೌಂಟರ್ ಇಲ್ಲ. ಕ್ಲಬ್ ಮುಚ್ಚಿ ಆಯಿತು, ಹೋದ ಆಗಸ್ಟಿನಲ್ಲೇ. ಬರುವವರು ಕಡಿಮೆಯಾಗಿ, ಕೊನೆಕೊನೆಗೆ ಸಂಜೆ ದೀಪ ಹಾಕಿ ನಾನೊಬ್ಬಳೇ ಕೂರುತ್ತಿದ್ದೆ. ಕಟ್ಟಡದವರು ಬಿಡಿ ಎಂದರು, ಬಿಟ್ಟೆ. ಟೇಬಲ್ಲುಗಳ ಕಲ್ಲಿನ ಹಲಗೆ ಬಿಚ್ಚಿ ಹೊರಗೆ ಸಾಗಿಸುವಾಗ ನಾನು ಅಲ್ಲಿ ನಿಲ್ಲಲಿಲ್ಲ. ಈಗ ಅಲ್ಲಿ ವ್ಯಾಯಾಮಶಾಲೆ, ಗೋಡೆ ತುಂಬ ಕನ್ನಡಿ. ನಾನು ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಅಲ್ಲೂ ಜನ ಒಂದು ಕಣ್ಣು ಮುಚ್ಚಿ ಗುರಿ ನೋಡುತ್ತಾರೆ, ಅಷ್ಟೇ ಸಮಾಧಾನ.

ಮೇಷ್ಟ್ರು ಮಗಳ ಊರಿಗೆ ಹೋದರು. ಹಲ್ಲಿನ ಡಾಕ್ಟರು ತೀರಿಕೊಂಡು ಒಂದು ವರ್ಷದ ಮೇಲಾಯಿತು. ಅವರನ್ನು ನಿನಗೋಸ್ಕರ ಇನ್ನೊಂದು ವರ್ಷ ಬದುಕಿಸಿದೆ. ನಾನು ಬರೆದ ಜಗಳಗಳೆಲ್ಲ ನಿಜವಾಗಿಯೂ ನಡೆದವೇ, ತಾರೀಖು ಮಾತ್ರ ಸುಳ್ಳು. ಬರೆಯುತ್ತಾ ಕೂತಾಗ ನನಗೂ ಅವರೆಲ್ಲ ಬಂದು ಹೋದ ಹಾಗಾಗುತ್ತಿತ್ತು, ಅದಕ್ಕೇ ನಿಲ್ಲಿಸಲಾಗಲಿಲ್ಲ. ನಿನಗೆ ಪಟ್ಟಿಯ ಚಿಂತೆಯೇ ಸಾಕಾಗಿತ್ತು, ಇದನ್ನೂ ಯಾಕೆ ಹೇರಲಿ ಎಂಬುದು ನಾನು ನನಗೆ ಹೇಳಿಕೊಂಡ ನೆಪ.

ಫೆಬ್ರವರಿಯಲ್ಲಿ ಕುಟ್ಟಿದವರು ಯಾರೂ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಮುಂದಿಟ್ಟುಕೊಂಡು ಮೊಬೈಲ್ ನೋಡುತ್ತಿದ್ದೆ. ಆ ನಾಲ್ಕು ಅಂಕ ಬಂದಾಗ ಮೂಲೆಯಲ್ಲಿದ್ದ ಪೊರಕೆ ಕೋಲು ತಗೊಂಡು ನಾನೊಬ್ಬಳೇ ನೆಲಕ್ಕೆ ಕುಟ್ಟಿದೆ. ಅಂಗಡಿ ಯಜಮಾನರು ಬಾಗಿಲಲ್ಲಿ ತಲೆ ಹಾಕಿ "ಹೆಗ್ಗಣಾನಾ?" ಎಂದರು. ಹೌದು, ಓಡಿಹೋಯಿತು ಎಂದೆ.

ಹಾಗಾಗಿ ನಿಜ ಹೇಳಬೇಕಾದ ಜನ ಇಲ್ಲಿ ಯಾರೂ ಉಳಿದಿಲ್ಲ. ನಾನೊಬ್ಬಳಿದ್ದೆ, ನನಗೆ ಹೇಳಿ ಆಯಿತು. ಬರುವುದಾದರೆ ಬಾ. ಇರುವುದು ಒಂದೇ ಕೋಣೆ, ಬೀರು ಸರಿಸಿದರೆ ಇನ್ನೊಂದು ಮಂಚ ಹಿಡಿಸುತ್ತದೆ. ಬೇರೆ ಏನೂ ನನ್ನ ಹತ್ತಿರ ಇಲ್ಲ. ಬರಲೇಬೇಕೆಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಬಾ.

ಅಕ್ಕ

ಏಪ್ರಿಲ್ 28

ಅಕ್ಕ,

ನಿನ್ನ ಕಾಗದ ಪಂದ್ಯದ ಹಿಂದಿನ ದಿನ ಬಂತು. ಓದಿದೆ, ಮಡಚಿಟ್ಟೆ, ಮತ್ತೆ ಓದಿದೆ. ಮೊದಲು ಸಿಟ್ಟು ಬಂತು. ನಾನು ಊಟ ಮಾಡುತ್ತಾ ಓದಿದ ಆ ಮನುಷ್ಯರೆಲ್ಲ ಎಲ್ಲಿ ಹೋದರು ಎಂದು ನಿನ್ನ ಮೇಲೆ ಜೋರಾಗಿಯೇ ಕೂಗಿದೆ, ಕೆಳಗಿನವರು ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡಿರಬೇಕು. ಆಮೇಲೆ ಹೆಗ್ಗಣದ ಸಾಲಿಗೆ ಬಂದಾಗ ನಗು ಬಂತು, ನಿಲ್ಲಲೇ ಇಲ್ಲ. ಆಮೇಲೆ ಸಂಜೆ ದೀಪ ಹಾಕಿ ಒಬ್ಬಳೇ ಕೂತವಳ ನೆನಪಾಗಿ ಕಾಗದವನ್ನು ಕ್ಯೂ ಪೆಟ್ಟಿಗೆಯೊಳಗೆ ಇಟ್ಟೆ.

ಐದು-ಒಂದು, ಸೋತೆ. ನೋಡಿರುತ್ತೀಯ. ಆ ಒಂದರಲ್ಲಿ ಏನಾಯಿತೋ ಗೊತ್ತಿಲ್ಲ, ಕೈ ಹಳೆಯ ಹಾಗೆ ಓಡಿತು. ಎಷ್ಟೋ ತಿಂಗಳ ಮೇಲೆ ಚೆಂಡು ನಾನು ನೋಡಿದ ಕಡೆಗೆ ಹೋಯಿತು. ಮುಂದಿನದರಲ್ಲಿ ಮತ್ತೆ ನಿಂತಿತು. ಎದುರಿಗಿದ್ದವನು ಚಿಕ್ಕವನು. ಪಂದ್ಯ ಮುಗಿದ ಮೇಲೆ ನನ್ನ ಕೈ ಎರಡೂ ಕೈಯಲ್ಲಿ ಹಿಡಿದು, "ಸರ್, ಚಿಕ್ಕವನಿದ್ದಾಗ ನಿಮ್ಮ ಆಟ ನೋಡ್ತಿದ್ದೆ" ಎಂದ. ಸರ್ ಎಂದು ನನ್ನನ್ನು ಆಟದ ಟೇಬಲ್ ಪಕ್ಕ ಯಾರೂ ಕರೆದಿರಲಿಲ್ಲ. ಒಳಗೆ ಎಲ್ಲವೂ ಮುಗಿದದ್ದು ಆಗಲೇ. ಇವತ್ತು ಅರವತ್ನಾಲ್ಕು ಜನರ ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರಿಲ್ಲ.

ಒಂದನೇ ತಾರೀಖಿನ ವಿಮಾನ. ವಿಮಾನ ಇಳಿದಲ್ಲಿಂದ ರೈಲು, ಮೂರನೇ ತಾರೀಖು ಬೆಳಿಗ್ಗೆ ಊರು ಮುಟ್ಟುತ್ತದೆ. ಈ ಕಾಗದ ನನಗಿಂತ ನಿಧಾನವಾದರೆ ಎಂಬ ಭಯಕ್ಕೆ ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಬಂದು ಏನು ಮಾಡುತ್ತೀಯ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಬೀರು ನೀನೊಬ್ಬಳೇ ಸರಿಸಬೇಡ, ನಾನು ಬಂದ ಮೇಲೆ ಇಬ್ಬರೂ ಸರಿಸೋಣ.

ಸ್ಟೇಷನ್ನಿಗೆ ಬಾ, ಅಕ್ಕ. ದಾರಿ ಗೊತ್ತಿಲ್ಲವೆಂದಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಊರಿನ ಸ್ಟೇಷನ್ನುಗಳಲ್ಲಿ ಇಳಿದಿದ್ದೇನೆ, ಒಂದರಲ್ಲೂ ನನಗೆಂದು ಯಾರೂ ಬಂದು ನಿಂತಿರಲಿಲ್ಲ. ಜನ ತಮ್ಮವರನ್ನು ಹುಡುಕುತ್ತಾ ನನ್ನ ಮುಖವನ್ನು ಒಮ್ಮೆ ನೋಡಿ ಮುಂದಕ್ಕೆ ಹೋಗುತ್ತಾರೆ. ಈ ಸಲ ಯಾರಾದರೂ ನನ್ನ ಮುಖ ನೋಡಿ ಅಲ್ಲೇ ನಿಲ್ಲಬೇಕು.

ನಿನ್ನ ತಮ್ಮ